ದೊಡ್ಡ ಹಗಲಿನ ಊಟ

ಮೇ ತಿಂಗಳ ಮೊದಲ ಭಾನುವಾರ ಪಟ್ಟಾಭಿರಾಮ ಸ್ಟೂಲು ಹತ್ತಿ ನಡುಮನೆಯ ಗಡಿಯಾರ ಇಳಿಸಿದ.

“ಇವತ್ತಿಂದ ಈ ಮನೇಲಿ ಯಾರೂ ಗಂಟೆ ನೋಡೋ ಹಾಗಿಲ್ಲ. ಸೂರ್ಯನ್ನ ನೋಡ್ಕೊಂಡು ಬದುಕೋಣ. ನಿಧಾನವಾಗಿ,” ಅಂದ.

ತಿಂಡಿ ತಿನ್ನುತ್ತಿದ್ದ ಮಗ ಸುಜಯ್ ತಲೆ ಎತ್ತಲಿಲ್ಲ. “ಅಪ್ಪಾ, ಪೀಣ್ಯದಲ್ಲಿ ನಮ್ಮ ಓನರ್ ಸೂರ್ಯನ್ನ ನೋಡಲ್ಲ, ಪಂಚಿಂಗ್ ನೋಡ್ತಾನೆ.”

“ಅದೇ ಕಣೋ ರೋಗ. ನಾನೂ ಮೂವತ್ತೆಂಟು ವರ್ಷ ಅದೇ ರೋಗದಲ್ಲಿದ್ದೆ.”

ಅಡುಗೆಮನೆಯಲ್ಲಿ ದೋಸೆ ಮಗುಚಲು ಹೋದ ವೆಂಕಟಲಕ್ಷ್ಮಿಯ ಕೈ ಹಾಗೇ ನಿಂತಿತು. ಕಾವಲಿಯ ಮೇಲೆ ದೋಸೆ ಸೀಯಿತು. ಸೀದದ್ದನ್ನೇ ತಟ್ಟೆಗೆ ಹಾಕಿ ತಂದು ಗಂಡನ ಮುಂದಿಟ್ಟಳು.

“ಇದೇನು ಇಷ್ಟು ಕಪ್ಪಗಿದೆ?”

“ನಿಧಾನವಾಗಿ ಬೇಯ್ತು.”

ಪಟ್ಟಾಭಿರಾಮ ಸರ್ಕಾರಿ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿದ್ದವನು. ಸೈರನ್ ಆದ ಮೇಲೆ ಮೂರು ನಿಮಿಷ ಮಾಫಿ, ನಾಲ್ಕನೇ ನಿಮಿಷಕ್ಕೆ ಅರ್ಧ ದಿನದ ಸಂಬಳ ಕಟ್. ಎಷ್ಟೋ ಜನ ಅವನ ಕಿಟಕಿಯ ಮುಂದೆ ಕೈಮುಗಿದು ನಿಂತಿದ್ದಾರೆ, ಅವನು ಕಾರ್ಡಿನ ಮೇಲೆ ಕೆಂಪು ಗೆರೆ ಎಳೆದಿದ್ದಾನೆ. ಮನೆಯಲ್ಲೂ ಅದೇ ಕಾನೂನು. ಮೊದಲ ಶಿಫ್ಟಿನ ವಾರ ಬೆಳಗ್ಗೆ ಐದೂ ನಲವತ್ತಕ್ಕೆ ಊಟದ ಡಬ್ಬಿ ಗೇಟಿನ ಹತ್ತಿರ ಅವನ ಕೈಗೆ ಬರಬೇಕು. ಬರದಿದ್ದರೆ ಬೈಯುತ್ತಿರಲಿಲ್ಲ; ಡಬ್ಬಿ ಬಿಟ್ಟು ಹೋಗುತ್ತಿದ್ದ. ದಿನವೆಲ್ಲ ಉಪವಾಸವಿದ್ದು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಅವಳು ಕಾಲು ಹಿಡಿದು ಏಳಿಸುವವರೆಗೂ ಊಟವಿಲ್ಲ.

ನಿವೃತ್ತನಾಗಿ ಎರಡು ವರ್ಷವಾದರೂ ಸಾಂಬಾರಿಗೆ ಒಗ್ಗರಣೆ ಬಿದ್ದ ಹೊತ್ತನ್ನು ಹೇಳುತ್ತಿದ್ದ ಮನುಷ್ಯ ಈ ಏಪ್ರಿಲಿನಲ್ಲಿ ಬದಲಾದ. ನಿವೃತ್ತರ ಸಂಘದವರು ಮಾಗಡಿ ಕಡೆಯ ಒಂದು ತೋಟಕ್ಕೆ ಮೂರು ದಿನದ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಸಿದರಂತೆ, ಒಂದು ತುತ್ತನ್ನು ಮೂವತ್ತೆರಡು ಸಲ ಅಗಿಸಿದರಂತೆ, ಮರ ತಬ್ಬಿಸಿದರಂತೆ. ಮಾಕಳಿಯ ಮನೆಗೆ ವಾಪಸ್ಸು ಬಂದಾಗ ಅವನ ಕೈಯಲ್ಲಿ ನಾಲ್ಕು ಮಣ್ಣಿನ ಗಡಿಗೆ ಇದ್ದವು, ಬಾಯಲ್ಲಿ ‘ನಿಧಾನ’ ಅನ್ನುವ ಮಾತು.

ಎರಡನೇ ವಾರ ಮಿಕ್ಸಿ, ಗ್ರೈಂಡರ್, ಕುಕ್ಕರ್ ಮೂರೂ ಅಟ್ಟ ಸೇರಿದವು. ಕುಕ್ಕರಿನ ವಿಷಲ್ಲು ಅವನಿಗೆ ಸೈರನ್ನಿನ ಹಾಗೆ ಕೇಳುತ್ತದಂತೆ. ಎಲ್ಲಿಂದಲೋ ಒಂದು ಒರಳುಕಲ್ಲು, ಒಂದು ಒನಕೆ ಟೆಂಪೋದಲ್ಲಿ ಬಂದು ಹಿತ್ತಲಿನ ನೇರಳೆ ಮರದ ಕೆಳಗೆ ಕೂತವು.

ಪಾತ್ರೆ ತೊಳೆಯಲು ಬಂದ ಹನುಮವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕುಷ್ಟಗಿ ಕಡೆಯವಳು, ಗಂಡ ನೀಲಪ್ಪನ ಜೊತೆ ಹಿಂದಿನ ಬೀದಿಯ ಶೀಟಿನ ಮನೆಯಲ್ಲಿದ್ದಳು.

“ಅಯ್ಯ ಯವ್ವಾ, ಇದರಾಗ ಯಾರು ರುಬ್ಬವ್ರು?”

“ಸಾಹೇಬ್ರು ಹೇಳ್ತಾರೆ, ಕೇಳು,” ಅಂದಳು ವೆಂಕಟಲಕ್ಷ್ಮಿ.

“ಕಲ್ಲಿನಲ್ಲಿ ಅರೆದರೆ ರುಚಿ ಬೇರೆ ಹನುಮವ್ವ,” ಅಂದ ಪಟ್ಟಾಭಿರಾಮ. “ಮನಸ್ಸಿಗೂ ಶಾಂತಿ.”

“ಹಂಗಾರ ನೀವ ಅರೀರಿ ಅಣ್ಣಾರ. ನನಗ ಇನ್ನೂ ಎರಡು ಮನಿ ಅದಾವು. ಅಲ್ಲಿ ಶಾಂತಿ ಮಾಡ್ಕೊಂತ ಕುಂತ್ರ ಕೆಲಸ ಬಿಡಸ್ತಾರ.”

ಅವನು ನಕ್ಕು ಪೇಪರ್ ಹಿಡಿದು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡ. ಒರಳಿನ ಮುಂದೆ ಕೂತದ್ದು ವೆಂಕಟಲಕ್ಷ್ಮಿ.

ಆದರೆ ಅವಳು ಗೊಣಗಲಿಲ್ಲ. ಗಡಿಯಾರ ಇಳಿದ ದಿನದಿಂದಲೇ ಅವಳೊಳಗೆ ಒಂದು ಹುರುಪು ಹುಟ್ಟಿತ್ತು. ಬೆಳಗ್ಗೆ ಫಿಲ್ಟರಿಗೆ ಕಾಫಿಪುಡಿ ಹಾಕಿ, ಬಿಸಿನೀರನ್ನು ಚಮಚದಲ್ಲಿ ಬಿಡುತ್ತಿದ್ದಳು. ಪಟ್ಟಾಭಿರಾಮ ಹಲ್ಲುಜ್ಜಿ, ಕೆರೆ ಏರಿಯ ಮೇಲೆ ನಡೆದು, ವಾಪಸ್ಸು ಬಂದು ಕೂರುತ್ತಿದ್ದ.

“ಕಾಫಿ?”

“ಇಳೀತಿದೆ.”

ಸ್ನಾನ ಮುಗಿಸಿ ಬರುತ್ತಿದ್ದ. “ಕಾಫಿ?”

“ಹನಿಹನಿಯಾಗಿ ಬೀಳ್ತಿದೆ. ಬೇಕಾದ್ರೆ ಬಂದು ನೋಡಿ, ಮನಸ್ಸಿಗೆ ಶಾಂತಿ.”

ಮಧ್ಯಾಹ್ನದ ಊಟ ಒಂದಕ್ಕೆ ಇದ್ದದ್ದು ಎರಡಕ್ಕೆ ಹೋಯಿತು, ಎರಡೂವರೆಗೆ ಹೋಯಿತು. ಅವನ ಅಂಗಿಗಳನ್ನು ಕೈಯಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದಳು. ಮೂರು ದಿನವಾದರೂ ಕಾಲರ್ ತೇವವಾಗಿತ್ತು. ಅವನಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ವಾಚಿಲ್ಲದ ಬರಿಯ ಮಣಿಕಟ್ಟನ್ನು ಒಂದು ಸಲ ನೋಡಿಕೊಂಡು ಕೈ ಕೆಳಗಿಳಿಸುತ್ತಿದ್ದ. ಅದನ್ನು ನೋಡಿದಾಗಲೆಲ್ಲ ವೆಂಕಟಲಕ್ಷ್ಮಿಗೆ ಬಾಯಿಗೆ ಸಕ್ಕರೆ ಹಾಕಿಕೊಂಡಷ್ಟು ಸುಖವಾಗುತ್ತಿತ್ತು.

ಪೆಟ್ಟು ಬಿದ್ದದ್ದು ಸೊಸೆಗೆ. ಶರಣ್ಯ ಪೀಣ್ಯ ಎರಡನೇ ಹಂತದ ಗಾರ್ಮೆಂಟ್ಸ್ ಒಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಳು. ಮಾದಾವರದಲ್ಲಿ ಏಳೂ ಐವತ್ತರ ಮೆಟ್ರೋ ಹತ್ತಬೇಕು. ಮೇ ಮೂರನೇ ವಾರದಲ್ಲಿ ಮೂರು ದಿನ ತಡವಾಯಿತು. ಮೂರನೇ ದಿನ ಸಂಜೆ ಬಂದವಳೇ ಬ್ಯಾಗನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು.

“ಅತ್ತೆ, ಒಂದ್ ಮಾತು ಕೇಳ್ಲಾ? ನೀವು ಮಾವನ ಮೇಲೆ ಏನೋ ತೀರಿಸ್ಕೊಳ್ತಿದ್ದೀರ. ನನಗೆ ಗೊತ್ತಾಗತ್ತೆ. ಆದ್ರೆ ಸೂಪರ್‌ವೈಸರ್ ಹತ್ರ ಬೈಸ್ಕೊಂಡಿದ್ದು ನಾನು.”

ವೆಂಕಟಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದಳು.

“ನನ್ನ ಮೇಲೂ ಕೋಪ ಇದ್ಯಾ?”

“ನಿನ್ನ ಮೇಲೆ ಯಾಕೆ?” ಅಂದಳು. ಆಮೇಲೆ, “ನಾಳೆಯಿಂದ ನಿಂದು, ಸುಜಯ್‌ದು ಏಳೂಕಾಲಿಗೆ ಡಬ್ಬಿ ರೆಡಿ ಇರತ್ತೆ. ಅಟ್ಟದಿಂದ ಕುಕ್ಕರ್ ಇಳಿಸ್ಕೊಡು. ಅವರು ವಾಕಿಂಗ್ ಹೋದಾಗ ಇಟ್ಟು, ಬರೋದ್ರೊಳಗೆ ಮುಚ್ಚಿಡ್ತೀನಿ.”

ಶರಣ್ಯಳಿಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ನಿಧಾನ ಬರೀ ಮಾವಂಗೆ?”

“ಅವರು ಕೇಳಿದ್ದು ತಾನೇ?”

ಮುಂದಿನ ಭಾನುವಾರ ತಾರಸಿಯ ಮೇಲೆ ಹುಣಸೆಹಣ್ಣು ಹರಡಿ ಬೀಜ ಬಿಡಿಸುತ್ತಾ ಕೂತಾಗ ಶರಣ್ಯ ಮತ್ತೆ ಕೇಳಿದಳು. “ಏನು ಅಂತ ಹೇಳಿ ಅತ್ತೆ. ಡಬ್ಬಿ ಬಿಟ್ಟು ಹೋಗ್ತಿದ್ದಿದ್ದು, ಅಷ್ಟೇನಾ?”

ವೆಂಕಟಲಕ್ಷ್ಮಿ ಕೈ ನಿಲ್ಲಿಸದೆ ಹೇಳಿದಳು.

“ತೊಂಬತ್ತೇಳನೇ ಇಸವಿ, ಡಿಸೆಂಬರ್. ನಮ್ಮಮ್ಮ ಬೇಗೂರಿನಲ್ಲಿ ಹೋಗ್ಬಿಟ್ರು. ನಮ್ಮ ಮನೇಲಿ ಫೋನ್ ಇರ್ಲಿಲ್ಲ. ಎದುರುಮನೆ ಭುವನೇಶ್ವರಿ ಮನೆಗೆ ನನ್ನ ತಮ್ಮ ಮುರಳಿ ಫೋನ್ ಮಾಡ್ದ. ಅವಳು ಚಪ್ಪಲಿ ಕೂಡ ಹಾಕ್ಕೊಳ್ದೆ ಓಡಿಬಂದು ಹೇಳಿದ್ಳು. ಆಗ ಹತ್ತೂವರೆ. ನಿಮ್ಮಾವಂದು ಎರಡನೇ ಶಿಫ್ಟು. ಹನ್ನೆರಡೂವರೆಗೆ ಊಟ ಆಗ್ಬೇಕು. ಸಂಜೆಗೆ ಡಬ್ಬಿ ಬೇಕು.”

“ಅಡುಗೆ ಮಾಡಿಸಿದ್ರಾ?”

“ಸುದ್ದಿ ಕೇಳಿದ ಗಳಿಗೆಯಿಂದ ಸೂತಕ. ಸೂತಕದವಳು ಒಲೆ ಮುಟ್ಟೋ ಹಾಗಿಲ್ಲ, ಅವಳು ಮಾಡಿದ್ದನ್ನ ಇವರು ತಿನ್ನೋ ಹಾಗಿಲ್ಲ. ಅದಕ್ಕೆ ಇವರು ಏನಂದ್ರು ಗೊತ್ತಾ? ‘ನೀನು ಇನ್ನೂ ಕೇಳಿಲ್ಲ ಅಂದ್ಕೋ. ಒಂದು ಗಂಟೆಗೆ ಕೇಳ್ದೆ ಅಂತ ಇಟ್ಕೊಳ್ಳೋಣ. ಅಲ್ಲೀವರೆಗೂ ಶಾಸ್ತ್ರ ಏನೂ ಅನ್ನಲ್ಲ.’ ಕಾರ್ಡಿನಲ್ಲಿ ಪಂಚ್ ಮಾಡಿದ ಹಾಗೆ ನಮ್ಮಮ್ಮನ ಸಾವಿಗೂ ಒಂದು ಟೈಮ್ ಹಾಕಿದ್ರು.”

ಶರಣ್ಯಳ ಕೈಯಲ್ಲಿದ್ದ ಹುಣಸೆಹಣ್ಣು ಕೈಯಲ್ಲೇ ಉಳಿಯಿತು.

“ನಾನು ಅಳಬಾರದು. ಕೇಳೇ ಇಲ್ವಲ್ಲ, ಯಾಕೆ ಅಳ್ಬೇಕು? ಹುಳಿ ಮಾಡ್ದೆ, ಪಲ್ಯ ಮಾಡ್ದೆ. ಅವರು ಉಂಡು ಡಬ್ಬಿ ತಗೊಂಡು ಹೋದ್ರು. ಆಮೇಲೆ ಎರಡು ವರ್ಷದ ಸುಜಯ್‌ನ ಎತ್ಕೊಂಡು ಮೂರು ಬಸ್ ಹತ್ತಿ ಇಳಿದೆ. ಡಿಸೆಂಬರ್ ಹಗಲು ಗಿಡ್ಡ. ಕತ್ತಲಾಗೋದ್ರೊಳಗೆ ಮುಗಿಸ್ಬೇಕು ಅಂತ ನಾಲ್ಕೂವರೆವರೆಗೂ ಕಾದು ಎತ್ತಿಬಿಟ್ಟಿದ್ರು. ನಾನು ಹೋದಾಗ ಮನೆ ತೊಳೀತಿದ್ರು. ಆ ನೀರಿನಲ್ಲೇ ಕಾಲಿಟ್ಟು ಒಳಗೆ ಹೋದೆ.”

ಕಾರ್ಖಾನೆಗಳ ಶೀಟಿನ ಮೇಲೆ ಬಿಸಿಲು ಮಿನುಗುತ್ತಿತ್ತು. ಕೆಳಗೆ ಪಟ್ಟಾಭಿರಾಮ ನೇರಳೆ ಮರದ ಕೆಳಗೆ ಕಣ್ಣುಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದ.

“ಮಾರನೇ ದಿನ ಇವರೂ ಬಂದ್ರು. ಯಾಕೆ ತಡ ಅಂತ ಮುರಳಿ ಕೇಳಿದ್ದಕ್ಕೆ ಇವರೇ ಮುಂದೆ ಬಿದ್ದು, ‘ಎದುರುಮನೆಯವರು ಒಂದು ಗಂಟೆಗೆ ಬಂದು ಹೇಳಿದ್ರು’ ಅಂದ್ರು. ಮುರಳಿ ಇಲ್ಲಿಗೆ ಬಂದು ನಡುಬೀದೀಲಿ ನಿಂತು ಭುವನೇಶ್ವರೀನ ಬಾಯಿಗೆ ಬಂದ ಹಾಗೆ ಬೈದ. ಸಾವಿನ ಸುದ್ದಿ ಹೇಳೋಕೆ ಎರಡೂವರೆ ಗಂಟೆ ಬೇಕಾ, ಅಂತ. ಆವತ್ತಿಂದ ಅವಳು ನಮ್ಮನೆ ಕಡೆ ತಿರುಗಿಲ್ಲ. ಇವರು ಪ್ರತಿವರ್ಷ ಅಮ್ಮನ ವೈದಿಕಕ್ಕೆ ಹೋದಾಗ್ಲೂ ಅದೇ ಕತೆ ಹೇಳ್ತಾರೆ. ನನಗೆ ಬೇಕಾಗಿರೋದು ಇಷ್ಟೇ. ಅವಳ ಮುಂದೆ, ಅವರ ಬಾಯಿಂದ, ಹತ್ತೂವರೆ ಅಂತ ಬರ್ಬೇಕು.”

“ಮುರಳಿ ಮಾವ ಬೈದಾಗ ನೀವೇನು ಮಾಡಿದ್ರಿ?”

ವೆಂಕಟಲಕ್ಷ್ಮಿ ಎದ್ದಳು. “ಹಣ್ಣು ಒಳಗೆ ತಗೊಂಡ್ಹೋಗು. ಮೋಡ ಆಗ್ತಿದೆ.”

ಜೂನ್ ಎರಡನೇ ವಾರ ಪಟ್ಟಾಭಿರಾಮ ರಾತ್ರಿಯೂಟದ ಹೊತ್ತಿಗೆ ಹೊಸ ಸುದ್ದಿ ಹೇಳಿದ. ಇಪ್ಪತ್ತೊಂದನೇ ತಾರೀಖು ಶನಿವಾರ, ವರ್ಷದಲ್ಲೇ ಅತಿ ದೊಡ್ಡ ಹಗಲು. ಸಂಘದ ಹನ್ನೊಂದು ಜನ ಬೆಳಗಿನ ಜಾವವೇ ಬರುತ್ತಾರೆ. ನೇರಳೆ ಮರದ ಕೆಳಗೆ ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೂ ಹಬ್ಬ. ಕನ್ನಡಕ ಏರಿಸಿ, ಗುಂಪಿಗೆ ಕಳಿಸಿದ ಮೆಸೇಜನ್ನು ಓದಿದ.

“‘ಸೂರ್ಯೋದಯ ಐದೂ ಐವತ್ನಾಲ್ಕು, ಸೂರ್ಯಾಸ್ತ ಆರೂ ನಲವತ್ತೆಂಟು. ಎಲ್ಲ ಕೆಲಸವೂ ಸೂರ್ಯ ಹುಟ್ಟಿದ ಮೇಲೇ ಶುರು. ಗಡಿಯಾರವಿಲ್ಲ, ಯಂತ್ರವಿಲ್ಲ, ಗ್ಯಾಸ್ ಇಲ್ಲ. ಭತ್ತ ಕುಟ್ಟಿ ಅನ್ನ, ಕಲ್ಲಿನಲ್ಲಿ ಅರೆದ ಹೂರಣದ ಒಬ್ಬಟ್ಟು. ಬೇಗ ಎಂಬ ಮಾತನ್ನು ಯಾರೂ ಆಡಬಾರದು.’”

“ಗುರು, ಗಡಿಯಾರ ಇಲ್ಲ ಅಂತೀಯ, ಐವತ್ನಾಲ್ಕು ನಿಮಿಷ ಅಂತೀಯ,” ಅಂದ ಸುಜಯ್.

“ಅಪ್ಪನ್ನ ಗುರು ಅಂತೀಯೇನೋ?”

“ಹನ್ನೊಂದು ಜನಕ್ಕೆ ಅಡುಗೆ ಅಂದ್ರೆ ಅಮ್ಮ ಹಿಂದಿನ ದಿನವೇ ಶುರು ಮಾಡ್ಬೇಕು ಅಪ್ಪಾ.”

“ಇಲ್ಲ,” ಅಂದಳು ವೆಂಕಟಲಕ್ಷ್ಮಿ. ಅವಳ ದನಿಯ ಮೃದುತ್ವಕ್ಕೆ ಗಂಡ ತಲೆ ಎತ್ತಿ ನೋಡಿದ. “ಬರೆದ ಹಾಗೇ ಆಗ್ಲಿ. ಸೂರ್ಯ ಹುಟ್ಟಿದ ಮೇಲೇ ಶುರು.”

“ಒಪ್ಕೊಂಡ್ಯಾ?”

“ಯಾಕೆ ಒಪ್ಪಲ್ಲ? ಇನ್ನೊಬ್ಬರನ್ನ ನಾನೂ ಕರೀತೀನಿ.”

ಮಾರನೇ ಬೆಳಗ್ಗೆ ಅವಳು ರಸ್ತೆ ದಾಟಿದಳು. ಹದಿನೆಂಟು ಅಡಿ ರಸ್ತೆ. ಭುವನೇಶ್ವರಿ ಗೇಟಿನ ಮುಂದೆ ನೀರು ಹಾಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

“ಶನಿವಾರ ನಮ್ಮನೇಲಿ ಊಟ. ಬರ್ಬೇಕು.”

ಭುವನೇಶ್ವರಿ ಚೊಂಬನ್ನು ಬಕೆಟ್ಟಿಗೆ ಹಾಕಿದಳು. “ನೀವು ತಪ್ಪು ಮನೆಗೆ ಬಂದಿದ್ದೀರ.”

“ಆವತ್ತಿನ ಮಾತು ಅವರ ಬಾಯಿಂದಲೇ ಕೇಳಿಸ್ತೀನಿ. ಅದಕ್ಕೆ ಬಾ.”

ಭುವನೇಶ್ವರಿ “ಎಷ್ಟು ಗಂಟೆಗೆ?” ಅಂತ ಮಾತ್ರ ಕೇಳಿದಳು.

ಇಪ್ಪತ್ತೊಂದರ ಬೆಳಗ್ಗೆ ಮರದ ತುಂಬ ಹಕ್ಕಿಗಳಿದ್ದವು. ನೇರಳೆ ಹಣ್ಣು ಉದುರಿ ಅಂಗಳವೆಲ್ಲ ಕಲೆಯಾಗಿತ್ತು. ಹನ್ನೊಂದು ನಿವೃತ್ತರು ಚಪ್ಪಲಿ ಬಿಟ್ಟು, ಪೂರ್ವಕ್ಕೆ ಮುಖ ಮಾಡಿ ನಿಂತರು. ಮೋಡ ತೆಳುವಾಗಿತ್ತು. ಪೀಣ್ಯದ ಕಡೆಯಿಂದ ಕೆಂಪು ಬೆಳಕು ಶೀಟುಗಳ ಮೇಲೆ ಜಾರಿ ಬಂತು. ವೆಂಕಟಲಕ್ಷ್ಮಿ ಮೆಟ್ಟಿಲ ಮೇಲೆ ಕೂತು ನೋಡಿದಳು. ಮದುವೆಯಾದ ಮೇಲೆ ಸೂರ್ಯ ಹುಟ್ಟುವಾಗ ಅವಳ ಕೈಯಲ್ಲಿ ಸೌಟಿಲ್ಲದೆ ಇದ್ದದ್ದು ಇದೇ ಮೊದಲು. ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಕೋಪ ಬಂತು.

ಸೂರ್ಯ ಪೂರ್ತಿ ಮೇಲೆ ಬಂದ ಮೇಲೆ ಅವಳು ಭತ್ತದ ಚೀಲ ಬಿಚ್ಚಿದಳು.

ಅವಳು, ಶರಣ್ಯ, ಹನುಮವ್ವ ಮೂವರೂ ಸರದಿಯ ಮೇಲೆ ಒನಕೆ ಹಿಡಿದರು. ಹನುಮವ್ವ ಉಳಿದೆರಡು ಮನೆಗೆ ರಜೆ ಹೇಳಿ ಬಂದಿದ್ದಳು. ಶರಣ್ಯಳ ಒನಕೆ ಒರಳಿಗಿಂತ ನೆಲಕ್ಕೇ ಜಾಸ್ತಿ ಬೀಳುತ್ತಿತ್ತು.

“ಸಣ್ಣಕ್ಕಾರ, ಭತ್ತ ಕುಟ್ಟ್ರಿ, ಭೂಮಿ ಏನ್ ಮಾಡೈತಿ ನಿಮಗ?” ಅಂದಳು ಹನುಮವ್ವ. ಮೂವರೂ ಒನಕೆ ಬಿಟ್ಟು ನಕ್ಕರು. ಆಮೇಲೆ ಕೇರಿದರು, ಕಲ್ಲು ಆರಿಸಿದರು. ಇಟ್ಟಿಗೆಯ ಒಲೆ ಕಟ್ಟಿದರು. ಬೇಳೆಯನ್ನು ಒಂದೊಂದಾಗಿ ನೋಡಿ ಆರಿಸಿದರು. ಅತಿಥಿಗಳು ಎಂಟು ಗಂಟೆಗೆ ಕೋಸಂಬರಿ, ನೇರಳೆ ಹಣ್ಣು ತಿಂದರು. ನಾಲಿಗೆ ನೀಲಿಯಾದದ್ದನ್ನು ಮಕ್ಕಳ ಹಾಗೆ ಒಬ್ಬರಿಗೊಬ್ಬರು ತೋರಿಸಿಕೊಂಡರು. ಕೆರೆಯವರೆಗೆ ನಡೆದು ಬಂದರು. ಪಟ್ಟಾಭಿರಾಮ ಉತ್ಸಾಹದಿಂದ ಭಾಷಣ ಮಾಡಿದ.

“ಇವತ್ತು ಹನ್ನೆರಡು ಗಂಟೆ ಐವತ್ನಾಲ್ಕು ನಿಮಿಷ ಬೆಳಕು. ಡಿಸೆಂಬರ್‌ಗಿಂತ ಒಂದೂವರೆ ಗಂಟೆ ಜಾಸ್ತಿ. ಪ್ರಕೃತಿ ನಮಗೆ ಕೊಟ್ಟಿರೋ ಬೋನಸ್ಸು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಒರಳಿನ ಹತ್ತಿರದಿಂದ ಚಪ್ಪಾಳೆ ಬರಲಿಲ್ಲ.

ಹನ್ನೆರಡರ ಹೊತ್ತಿಗೆ ಭುವನೇಶ್ವರಿ ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ಪಟ್ಟಾಭಿರಾಮ ಅವಳನ್ನು ನೋಡಿ ಕೈ ಎತ್ತಿದ, ಅರ್ಧಕ್ಕೇ ಇಳಿಸಿದ. ಒಲೆಯ ಮೇಲೆ ಇನ್ನೂ ಬೇಳೆ ಬೇಯುತ್ತಿತ್ತು. ಒಂದು ಗಂಟೆಗೆ ಅತಿಥಿಗಳು ಮಾತು ಕಡಿಮೆ ಮಾಡಿದರು. ಒಂದೂವರೆಗೆ ಒಬ್ಬರು ಶುಗರ್ ಅಂದರು, ಇನ್ನೊಬ್ಬರು ಮಾತ್ರೆ ಅಂದರು. ನಾಲ್ಕು ಜನ ತುಮಕೂರು ರಸ್ತೆಯ ದರ್ಶಿನಿಗೆ ಹೋಗಿ ಬರುತ್ತೇವೆಂದು ಎದ್ದು ಹೋದವರು ವಾಪಸ್ಸು ಬರಲಿಲ್ಲ.

ಫಿಟ್ಟರ್ ಆಗಿದ್ದ ಬಾಗಲಕೋಟೆಯ ಮಲಕಪ್ಪ ಮರಕ್ಕೆ ಒರಗಿ, “ಸಾಹೇಬ್ರ, ಮೂರು ನಿಮಿಷದ ಮಾಫಿ ಮುಗೀತ್ರಿ. ಈಗ ಅರ್ಧ ದಿನ ಕಟ್ ಮಾಡೋಣೇನ್ರಿ?” ಅಂದ. ಉಳಿದವರು ನಕ್ಕರು.

ಪಟ್ಟಾಭಿರಾಮ ಒಲೆಯ ಹತ್ತಿರ ಬಂದು ಹೆಂಡತಿಯ ಕಿವಿಯ ಬಳಿ ಬಾಗಿದ. “ಲೇ, ಮರ್ಯಾದೆ ಹೋಗ್ತಿದೆ. ಸ್ವಲ್ಪ ಬೇಗ...”

“ಆ ಮಾತು ಆಡಬಾರದು ಅಂತ ನೀವೇ ಬರೆದಿದ್ದೀರಿ.”

“ಹಿಂದಿನ ದಿನವೇ ತಯಾರಿ ಮಾಡ್ಕೋಬೇಕಿತ್ತು!”

“ಸೂರ್ಯ ಹುಟ್ಟಿದ ಮೇಲೇ ಶುರು ಅಂತಲೂ ನೀವೇ ಬರೆದಿದ್ದು.”

ಊಟ ಸಿದ್ಧವಾದಾಗ ನಾಲ್ಕು ಗಂಟೆ. ಕೆಂಪಕ್ಕಿ ಅನ್ನ, ಹುಳಿ, ಪಲ್ಯ, ಒಬ್ಬಟ್ಟು. ಒಲೆಯ ಹೊಗೆಯ ಪರಿಮಳ ಅಂಗಳವನ್ನೆಲ್ಲ ತುಂಬಿತ್ತು. ಮರದ ಕೆಳಗೆ ಸಾಲಾಗಿ ಎಲೆ ಹಾಕಿದರು. ವೆಂಕಟಲಕ್ಷ್ಮಿ ಹನುಮವ್ವಳನ್ನೂ ಸಾಲಿನಲ್ಲಿ ಕೂರಿಸಿದಳು. ಮಲಕಪ್ಪನಿಗೆ ಬಡಿಸಿದಳು, ಸುಜಯ್‌ಗೆ, ಶರಣ್ಯಳಿಗೆ, ಉಳಿದ ಆರು ಜನಕ್ಕೆ, ಭುವನೇಶ್ವರಿಗೆ. ಭುವನೇಶ್ವರಿ ಎಲೆಯ ಮುಂದೆ ಕೂತಳು, ಕೈಯಿಡಲಿಲ್ಲ. ಗಂಡನ ಎಲೆಯ ಮುಂದೆ ಬಂದಾಗ ವೆಂಕಟಲಕ್ಷ್ಮಿ ಸೌಟನ್ನು ಅನ್ನದ ಗಡಿಗೆಯಲ್ಲೇ ಬಿಟ್ಟು ನಿಂತಳು.

“ನಮ್ಮಮ್ಮ ಹೋದ ಸುದ್ದಿ ಎಷ್ಟು ಗಂಟೆಗೆ ಬಂತು? ಹೇಳಿ, ಬಡಿಸ್ತೀನಿ.”

“ಏನಿದು ಎಲ್ಲರ ಮುಂದೆ?”

“ಎಲ್ಲರ ಮುಂದೆಯೇ. ಎಷ್ಟು ಗಂಟೆಗೆ?”

ಪಟ್ಟಾಭಿರಾಮ ಭುವನೇಶ್ವರಿಯ ಕಡೆ ನೋಡಲಿಲ್ಲ. “ಒಂದು ಗಂಟೆಗೆ. ಎಷ್ಟೋ ಸಲ ಹೇಳಿದ್ದೀನಲ್ಲ.”

ವೆಂಕಟಲಕ್ಷ್ಮಿ ಗಡಿಗೆ ಎತ್ತಿಕೊಂಡು ಮುಂದೆ ಹೋದಳು.

ಅವನ ಎಲೆ ಖಾಲಿ ಉಳಿಯಿತು. ಅವನು ಏಳಲಿಲ್ಲ. ಹಸಿದು ಕೂತರೆ ಇವಳು ಸೋಲುತ್ತಾಳೆ ಅನ್ನುವುದು ಅವನಿಗೆ ಮೂವತ್ತೈದು ವರ್ಷದ ರೂಢಿ. ಕೈಕಟ್ಟಿ ಕೂತ. ಸುತ್ತಲೂ ಊಟ ನಡೆಯಿತು. ಮಲಕಪ್ಪ ಮಾತ್ರ ಹುಳಿ ಚೆನ್ನಾಗಿದೆ ಅಂದ. ಕೈತೊಳೆದವರು ಹೊರಡಲೂ ಆಗದೆ, ಇರಲೂ ಆಗದೆ ಗೇಟಿನ ಹತ್ತಿರ ಗುಂಪಾಗಿ ನಿಂತರು.

ಐದೂವರೆಗೆ ಸುಜಯ್ ಬಂದ. “ಅಮ್ಮಾ, ಸಾಕು ಬಿಡಮ್ಮಾ. ಅಪ್ಪ ಬೆಳಗ್ಗೆಯಿಂದ ಬರೀ ಕೋಸಂಬರಿ ತಿಂದಿರೋದು.”

“ಟೈಮಿಗೆ ಸರಿಯಾಗಿ ಉಂಡು ಬೆಳೆದ ದೇಹ. ಶುಗರ್ ಇಲ್ಲ, ಬಿ.ಪಿ. ಇಲ್ಲ. ಏನಾಗಲ್ಲ.”

ಹನುಮವ್ವ ಗಡಿಗೆ ಉಜ್ಜುತ್ತಾ ಕೂಗಿದಳು. “ಅಣ್ಣಾರ, ಅದೇನ್ ಮಾತೈತಿ ಅಂದ್ಬಿಡ್ರಿ! ಅನ್ನ ಆರಾಕತ್ತೈತಿ.”

ಪಟ್ಟಾಭಿರಾಮ ಹೆಂಡತಿಯನ್ನು ನೋಡಿದ. “ಇಪ್ಪತ್ತೇಳು ವರ್ಷ ಆಯ್ತು. ಈಗ ಯಾವ ಗಂಟೆ ಆದ್ರೇನು?”

“ಡಿಸೆಂಬರ್‌ಗಿಂತ ಇವತ್ತು ಒಂದೂವರೆ ಗಂಟೆ ಬೆಳಕು ಜಾಸ್ತಿ ಅಂತ ಬೆಳಗ್ಗೆ ಹೇಳಿದ್ರಲ್ಲ. ಆವತ್ತು ಅಷ್ಟು ಬೆಳಕು ಇದ್ದಿದ್ರೆ ನನಗೆ ಅಮ್ಮನ ಮುಖ ಸಿಗ್ತಿತ್ತು. ಬೆಳಕು ಕಡಿಮೆ ಇತ್ತು, ಅದು ದೇವರದ್ದು. ಎರಡೂವರೆ ಗಂಟೆ ಕದ್ದಿದ್ದು ನೀವು.”

ನೊಣ ಬಂದು ಎಲೆಯ ಮೇಲೆ ಕೂತಿತು, ಅವನು ಓಡಿಸಿದ. ಹೊತ್ತು ಇಳಿಯಿತು. ಹಗಲು ಮುಗಿಯುವ ಹಾಗೆಯೇ ಕಾಣಲಿಲ್ಲ. ಪಡುವಣದ ಮನೆಗಳ ಹಿಂದೆ ಸೂರ್ಯ ಹೋದ ಮೇಲೂ ಆಕಾಶದಲ್ಲಿ ಬಿಳಿ ಬೆಳಕು ನಿಂತೇ ಇತ್ತು. ಅವನ ಬೆನ್ನು ಬಾಗಿತು. ಖಾಲಿ ಎಲೆಯನ್ನು ನೋಡುತ್ತಲೇ ಹೇಳಿದ.

“ಹತ್ತೂವರೆ.”

“ಅಲ್ಲಿ ಕೇಳಿಸಲಿಲ್ಲ,” ಅಂದಳು ವೆಂಕಟಲಕ್ಷ್ಮಿ.

ಅವನು ಭುವನೇಶ್ವರಿಯ ಕಡೆ ತಿರುಗಿದ. “ಸುದ್ದಿ ಹತ್ತೂವರೆಗೇ ಬಂತು ಕಣಮ್ಮ. ನೀವು ಓಡಿಬಂದು ಹೇಳಿದ್ರಿ. ಒಂದು ಗಂಟೆ ಅಂದಿದ್ದು ನಾನು.”

ಗೇಟಿನ ಹತ್ತಿರ ಯಾರೋ ಕೆಮ್ಮಿದರು. ವೆಂಕಟಲಕ್ಷ್ಮಿ ಗಡಿಗೆ ತಂದು ಬಡಿಸಿದಳು. ಅನ್ನ ಕಲ್ಲಾಗಿತ್ತು, ಹುಳಿ ಆರಿತ್ತು. ಬಿಸಿ ಮಾಡಲಿಲ್ಲ. ಒಬ್ಬಟ್ಟಿನ ಮೇಲೆ ತುಪ್ಪ ಹಾಕಲಿಲ್ಲ. ಅವನು ಕೇಳಲೂ ಇಲ್ಲ.

ಆಮೇಲೆ ಅವಳು ಗೆದ್ದವಳ ಹಾಗೆ ಭುವನೇಶ್ವರಿಯ ಮುಂದೆ ಬಂದು ನಿಂತಳು. “ಕೇಳಿಸ್ಕೊಂಡ್ಯಲ್ಲ? ಈಗ ಊಟ ಮಾಡು.”

ಭುವನೇಶ್ವರಿ ತಲೆ ಎತ್ತಿದಳು.

“ಅವರದ್ದು ಇರ್ಲಿ ಕಣೆ. ಅವರು ನನಗೇನಾಗ್ಬೇಕು? ನಿನ್ನ ತಮ್ಮ ಬೀದೀಲಿ ನಿಂತು ನನ್ನ ಬೈದಾಗ ನೀನು ಅವನ ಹಿಂದೇನೇ ನಿಂತಿದ್ದೆ. ನಾನು ನಿನ್ನ ಮುಖಾನೇ ನೋಡ್ತಿದ್ದೆ. ನಿನಗೆ ಗೊತ್ತಿತ್ತಲ್ಲ?”

ವೆಂಕಟಲಕ್ಷ್ಮಿಯ ಕೈಯಲ್ಲಿ ಸೌಟು ಇತ್ತು.

“ಹದಿನೆಂಟು ಅಡಿ ರಸ್ತೆ,” ಅಂದಳು ಭುವನೇಶ್ವರಿ. “ಅವರು ಫ್ಯಾಕ್ಟರಿಗೆ ಹೋದಾಗ ಒಂದು ದಿನ ದಾಟಿ ಬರಬಹುದಿತ್ತು. ಒಂದೇ ಒಂದು ದಿನ.”

“ಅವರಿಗೆ ಹೆದರಿ...”

“ಆಮೇಲೆ? ರಿಟೈರಾದ ಮೇಲೆ?”

ಶರಣ್ಯ ಹತ್ತಿರ ಬಂದು ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡಳು. ವೆಂಕಟಲಕ್ಷ್ಮಿ, “ನಿನ್ನ ಮೊಬೈಲ್ ಕೊಡು. ಮುರಳಿಗೆ ಫೋನ್ ಮಾಡ್ಕೊಡು,” ಅಂದಳು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿಸಿದಳು.

“ಹೇಳಕ್ಕಾ,” ಅಂತು ಬೇಗೂರಿನ ದನಿ.

“ಮುರಳಿ, ಅಮ್ಮ ಹೋದ ದಿನ ನೀನು ಫೋನ್ ಮಾಡಿದ ತಕ್ಷಣ ಭುವನೇಶ್ವರಿ ಬಂದು ಹೇಳಿದ್ಳು. ತಡ ಮಾಡಿದ್ದು ಅವಳಲ್ಲ. ಇವರಿಗೆ ಊಟಕ್ಕಿಟ್ಟು ಬಂದೆ. ನೀನು ಅವಳನ್ನ ಬೈಯೋವಾಗ ನನಗೆ ಗೊತ್ತಿತ್ತು, ಸುಮ್ಮನಿದ್ದೆ.”

“ಈಗ ಹೇಳ್ತಿದ್ದೀಯಾ ಅಕ್ಕಾ?” ಅಂದ ಮುರಳಿ. ಲೈನ್ ಕಟ್ಟಾಯಿತು.

ಭುವನೇಶ್ವರಿ ಎದ್ದು ಸೆರಗು ಸರಿಮಾಡಿಕೊಂಡಳು. “ಕೇಳಿಸ್ತು. ಬರ್ತೀನಿ.”

“ಒಂದು ತುತ್ತಾದ್ರೂ...”

“ಹಸಿವಿಲ್ಲ.”

ಗೇಟಿನ ಹತ್ತಿರ ನಿಂತವರು ದಾರಿ ಬಿಟ್ಟರು. ಅವಳು ರಸ್ತೆ ದಾಟಿ ತನ್ನ ಮನೆಯ ದೀಪ ಹಾಕಿದ್ದು ಇಲ್ಲಿಂದಲೇ ಕಾಣಿಸಿತು.

ವೆಂಕಟಲಕ್ಷ್ಮಿ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಭುವನೇಶ್ವರಿ ಕೈಯಿಡದ ಎಲೆಯ ಮುಂದೆ, ಅವಳು ಕೂತಿದ್ದ ಜಾಗದಲ್ಲೇ ಕೂತಳು. ಪಕ್ಕದಲ್ಲಿ ಗಂಡ ಉಣ್ಣುತ್ತಿದ್ದ, ತಲೆ ಎತ್ತಲಿಲ್ಲ. ಶರಣ್ಯ ತುಪ್ಪದ ಗಿಂಡಿ ತಂದು ಬಾಗಿದಳು. ವೆಂಕಟಲಕ್ಷ್ಮಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಒಣಗಿದ ಒಬ್ಬಟ್ಟನ್ನು ಮುರಿದು ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು.